ಪಾರಣೆಯ ಎಲೆಯಲ್ಲಿ ಹಸಿರು ಬಣ್ಣ

ದಶಲಕ್ಷಣ ಪರ್ವದ ಹತ್ತು ದಿನಗಳು ಸಂದು, ಅನಂತ ಚತುರ್ದಶಿಯ ಉಪವಾಸವೂ ಪೂರ್ಣಗೊಂಡ ಮರುದಿನದ ಬೆಳಗು. ಸ್ಥಳ ನೆಟ್ಟಣ, ಕಡಬ ತಾಲೂಕಿನಲ್ಲಿ, ಕುಕ್ಕೆಗೆ ಹೋಗುವ ಯಾತ್ರಿಕರು ರೈಲಿನಿಂದ ಇಳಿಯುವ ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವ ಊರು. ಅಲ್ಲಿನ ಅಡಿಕೆ ತೋಟವೊಂದರ ನಡುವಣ ಶ್ರಾವಕ ಗೃಹದಲ್ಲಿ ಜಿನಪೂಜೆ ಮುಗಿದು ಪಾರಣೆಗೆ ಬಾಳೆಯೆಲೆ ಹಾಕಿದ್ದರು. ಮನೆಯ ಹಿರಿಯ ಶ್ರಾವಿಕೆ ಐದನೆಯ ಪ್ರತಿಮೆಯವರೆಗಿನ ವ್ರತಗಳನ್ನು ಧರಿಸಿದವರು. ಅಕ್ಕಿಯ ಹಾಲು, ತೆಂಗಿನ ಹಾಲು, ಸಕ್ಕರೆ ಸೇರಿಸಿ ಕಾಯಿಸಿದ ಮಣ್ಣಿಯನ್ನು ಸೊಸೆ ತುಂಡುಮಾಡಿ ತಂದರು. ಪ್ರತಿವರ್ಷ ಬಿಳಿಯಾಗಿರುತ್ತಿದ್ದ ಮಣ್ಣಿ ಆ ದಿನ ಹಸಿರಾಗಿತ್ತು.

ಹಿರಿಯರು ಬಡಿಸುವ ಕೈಯನ್ನು ತಡೆದರು.

“ಸಂಶಯ ಬೇಡ ಅತ್ತೆ. ಇದು ಪೇಟೆಯ ರಾಸಾಯನಿಕ ಬಣ್ಣವಲ್ಲ, ಸೊಪ್ಪಿನಿಂದ ತೆಗೆದದ್ದು. ಸೀಸೆಯ ಮೇಲೆ ಹಾಗೆಂದೇ ಬರೆದಿದ್ದಾರೆ” ಎಂದರು ಸೊಸೆ.

“ಯಾವ ಸೊಪ್ಪು ಮಗಳೇ? ಬಸಳೆಯಾದರೂ ಒಲೆಯ ಮೇಲೆ ನಾಲ್ಕು ಕುದಿ ಬಂದರೆ ಕಂದುತ್ತದೆ. ಇದು ಅಷ್ಟು ಹೊತ್ತು ಕಾದರೂ ಎಳೆ ಸುಳಿಯ ಹಾಗೆಯೇ ಇದೆಯಲ್ಲ!”

ಉತ್ತರ ಯಾರಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಆರು ವರ್ಷದ ಮೊಮ್ಮಗ ಎರಡು ತುಂಡು ತಿಂದಾಗಿತ್ತು. ಅಜ್ಜಿಗೆ ಸಲ್ಲದ್ದು ಮಗುವಿಗೆ ಸಲ್ಲುವುದೇ ಎಂದು ತಾಯಿಗೆ ಕಳವಳವಾಯಿತು.

ಇಲ್ಲಿ ಎದ್ದ ಪ್ರಶ್ನೆ ಎರಡು. ಆ ಬಣ್ಣ ವ್ರತಕ್ಕೆ ಯೋಗ್ಯವೇ ಎಂಬುದೊಂದು, ದೇಹಕ್ಕೆ ಕ್ಷೇಮವೇ ಎಂಬುದಿನ್ನೊಂದು. ಮೊದಲನೆಯದು ಧರ್ಮದ ಮಾತು, ಎರಡನೆಯದು ವೈದ್ಯರ ಮಾತು ಎಂದು ಇವೆರಡನ್ನೂ ಬೇರ್ಪಡಿಸುವುದು ಇಂದಿನ ವಾಡಿಕೆ. ಶ್ರಾವಕಾಚಾರದ ಗ್ರಂಥಗಳು ಹಾಗೆ ಬೇರ್ಪಡಿಸುವುದಿಲ್ಲ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಮಧು, ಮಾಂಸ, ಮದ್ಯಗಳನ್ನು ನಿಷೇಧಿಸಿ, ಫಲ ಅಲ್ಪವಾಗಿ ಘಾತ ಬಹಳವಾಗಿರುವ ಹಸಿಶುಂಠಿ, ಮೂಲಂಗಿ, ಬೆಣ್ಣೆ ಮೊದಲಾದುವನ್ನು ಬಿಡಿಸಿ, ಅನಂತರ ‘ಅನಿಷ್ಟ’ವಾದುದನ್ನೂ ಬಿಡಬೇಕೆನ್ನುತ್ತಾರೆ. ಹೊಟ್ಟೆನೋವು ಮುಂತಾದುವಕ್ಕೆ ಕಾರಣವಾಗಿ ಪ್ರಕೃತಿಗೆ ಒಗ್ಗದ ವಸ್ತುವೇ ಅನಿಷ್ಟವೆಂದು ಅದಕ್ಕೆ ಅರ್ಥ ಹೇಳಲಾಗಿದೆ. ಎಂದರೆ ವಸ್ತು ನಿರ್ದೋಷವೆಂದು ಕಂಡರೂ ಶರೀರಕ್ಕೆ ಅಹಿತವಾದರೆ ವ್ರತಿಗೆ ಅದು ತ್ಯಾಜ್ಯ. ಆದುದರಿಂದ ಕ್ಷೇಮದ ವಿಚಾರವು ವ್ರತವಿಚಾರದ ಒಳಗೇ ಬರುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಅಷ್ಟಮಿ, ಚತುರ್ದಶಿಗಳಲ್ಲಿ ‘ಹಸಿರು ಬಿಡುವುದು’ ಎಂದರೆ ಹಸಿರು ಬಣ್ಣವನ್ನು ಬಿಡುವುದೆಂದು ಕಿರಿಯರು ಭಾವಿಸುವುದುಂಟು. ಬಿಡುವುದು ಬಣ್ಣವನ್ನಲ್ಲ, ಹಸಿಯಾದ ವನಸ್ಪತಿಯನ್ನು. ಬಹುತೇಕ ಮನೆಗಳ ರೂಢಿಯಲ್ಲಿ ಕೆಂಪು ಹರಿವೆಯೂ ಆ ತ್ಯಾಗಕ್ಕೆ ಸೇರುತ್ತದೆ. ಸಿಪ್ಪೆಯೊಡನಿರುವ ಒಣ ಹೆಸರುಬೇಳೆ ಹಸಿರಾಗಿ ಕಂಡರೂ ಸೇರುವುದಿಲ್ಲ. ಐದನೆಯದಾದ ಸಚಿತ್ತತ್ಯಾಗ ಪ್ರತಿಮೆಯಲ್ಲಿಯೂ ನಿಷೇಧವಿರುವುದು ಬೇರು, ಹಣ್ಣು, ಸೊಪ್ಪು, ಚಿಗುರು, ಗೆಡ್ಡೆ, ಹೂ, ಬೀಜಗಳನ್ನು ಹಸಿಯಾಗಿ ತಿನ್ನುವುದಕ್ಕೆ. ಒಣಗಿದುದು, ಬೆಂದುದು, ಕಾದುದು, ಹುಳಿ ಅಥವಾ ಉಪ್ಪು ಬೆರೆತುದು, ಯಂತ್ರದಿಂದ ಅರೆಯಲ್ಪಟ್ಟುದು ಪ್ರಾಸುಕವೆಂಬುದು ಪರಂಪರೆಯ ನಿರ್ಣಯ. ಈ ದೃಷ್ಟಿಯಿಂದ ಕಾರ್ಖಾನೆಯಲ್ಲಿ ಅರೆದು, ಕಾಯಿಸಿ ತೆಗೆದ ಸೊಪ್ಪಿನ ಬಣ್ಣವು ಸಚಿತ್ತವಲ್ಲ.

ವಿಚಾರ ಇಲ್ಲಿಗೇ ಮುಗಿಯುವುದಾದರೆ ಆ ಹಿರಿಯರು ಮಣ್ಣಿಯನ್ನು ತಿನ್ನಬಹುದಾಗಿತ್ತು. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಸಚಿತ್ತಾಹಾರ, ಸಚಿತ್ತಕ್ಕೆ ಸಂಬಂಧಿಸಿದ ಆಹಾರ, ಸಂಮಿಶ್ರಾಹಾರ, ಅಭಿಷವಾಹಾರ, ದುಷ್ಪಕ್ವಾಹಾರ. ವಸ್ತು ಯಾವುದು ಎಂಬುದರಷ್ಟೇ ಮುಖ್ಯವಾಗಿ, ಅದು ಯಾವುದರ ಸಂಪರ್ಕದಲ್ಲಿತ್ತು, ಯಾವುದರೊಡನೆ ಬೆರೆಯಿತು, ಹೇಗೆ ಪಾಕವಾಯಿತು ಎಂಬುದನ್ನೂ ಸೂತ್ರಕಾರರು ಕೇಳುತ್ತಾರೆ. ಸೀಸೆಯ ಮೇಲಿನ ‘ಸಸ್ಯಜನ್ಯ’ ಎಂಬ ಶಬ್ದವು ಮೊದಲನೆಯ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಉಳಿದವಕ್ಕೆ ಮೌನವಾಗುತ್ತದೆ.

ಎಲೆಯ ಹಸಿರಿಗೆ ಕಾರಣವಾದ ದ್ರವ್ಯಕ್ಕೆ ಕನ್ನಡದ ಪಾಠಪುಸ್ತಕಗಳಲ್ಲಿ ಪತ್ರಹರಿತ್ತು ಎಂಬ ಸುಂದರವಾದ ಹೆಸರಿದೆ. 1817ರಲ್ಲಿ ಪೆಲೆಟಿಯೆ ಮತ್ತು ಕವಾಂತು ಎಂಬ ಫ್ರೆಂಚ್ ವಿಜ್ಞಾನಿಗಳು ಇದನ್ನು ಎಲೆಯಿಂದ ಬೇರ್ಪಡಿಸಿ ‘ಕ್ಲೋರೋಫಿಲ್’ ಎಂದು ಕರೆದರು. ಇದರ ರಚನೆಯನ್ನು ಶೋಧಿಸಿದ ಜರ್ಮನಿಯ ವಿಲ್‌ಸ್ಟೆಟರ್ ಅವರಿಗೆ 1915ರ ನೊಬೆಲ್ ಪಾರಿತೋಷಕ ಬಂದಿತು. ಉಂಗುರದಂತಿರುವ ಒಂದು ಅಣು. ಅದರ ನಟ್ಟನಡುವೆ, ಉಂಗುರದಲ್ಲಿ ಕೂರಿಸಿದ ಹರಳಿನಂತೆ, ಮೆಗ್ನೀಸಿಯಂ ಲೋಹದ ಒಂದು ಪರಮಾಣು. ಈ ಹರಳು ಬಲು ಸಡಿಲ. ಶಾಖವಾಗಲಿ ಹುಳಿಯಾಗಲಿ ತಗುಲಿದರೆ ಮೆಗ್ನೀಸಿಯಂ ಕಳಚಿ ಹೋಗಿ ಆ ಜಾಗದಲ್ಲಿ ಜಲಜನಕ ಕುಳಿತುಕೊಳ್ಳುತ್ತದೆ. ಹಸಿರು ಹೋಗಿ ಕಂದು ಮಿಶ್ರಿತ ಮಂಕು ಬಣ್ಣ ಬರುತ್ತದೆ. ಒಂದೆಲಗದ ತಂಬುಳಿಗೆ ಮಜ್ಜಿಗೆ ಹುಳಿಯಾದಷ್ಟೂ ಬಣ್ಣ ಮಂಕಾಗುವುದು, ಮುಚ್ಚಳ ಮುಚ್ಚಿ ಬೇಯಿಸಿದ ಸೊಪ್ಪು ಕಂದುವುದು ಇದೇ ಕಾರಣದಿಂದ. ಕೆಲವರು ಅಡಿಗೆ ಸೋಡ ಹಾಕಿ ಹಸಿರನ್ನು ಉಳಿಸುತ್ತಾರೆ; ಬಣ್ಣ ಉಳಿಯುತ್ತದೆ, ಜೀವಸತ್ತ್ವ ಕೆಡುತ್ತದೆ.

ಹಾಗಾದರೆ ಒಲೆಯ ಮೇಲೆ ಕಂದದ ಹಸಿರು ಎಲ್ಲಿಯದು? ಆ ಮಣ್ಣಿಯ ವಿಷಯದಲ್ಲಿ ಹಿರಿಯರ ಸಂಶಯ ವಿಜ್ಞಾನಿಯ ಸಂಶಯವೇ ಆಗಿತ್ತು. ಕಾರ್ಖಾನೆಗಳಲ್ಲಿ ಕುದುರೆಮೆಂತೆ, ಹುಲ್ಲು, ತುರಿಕೆ ಸೊಪ್ಪಿನ ಜಾತಿಯ ಗಿಡ ಮುಂತಾದುವನ್ನು ಒಣಗಿಸಿ, ಅಸಿಟೋನ್, ಹೆಕ್ಸೇನ್, ಮದ್ಯಸಾರ ಮೊದಲಾದ ದ್ರಾವಕಗಳಲ್ಲಿ ನೆನೆಸಿ ಪತ್ರಹರಿತ್ತನ್ನು ಇಳಿಸುತ್ತಾರೆ. ಇಷ್ಟಕ್ಕೇ ನಿಂತರೆ ಅದು 140 ಎಂಬ ಅಂತರರಾಷ್ಟ್ರೀಯ ಸಂಖ್ಯೆಯ ಬಣ್ಣ. ಆದರೆ ಅದು ಬೆಳಕಿಗೂ ಬಿಸಿಗೂ ನಿಲ್ಲದು. ಆದುದರಿಂದ ಮುಂದುವರಿದು ತಾಮ್ರದ ಲವಣವನ್ನು ಸೇರಿಸುತ್ತಾರೆ. ಮೆಗ್ನೀಸಿಯಂ ತೆರವು ಮಾಡಿದ ಪೀಠದಲ್ಲಿ ತಾಮ್ರ ಕುಳಿತುಕೊಳ್ಳುತ್ತದೆ. ಈ ಹರಳು ಗಟ್ಟಿ, ಕುದಿಸಿದರೂ ಕಳಚದು. ಬಣ್ಣ ಮೊದಲಿಗಿಂತಲೂ ಪ್ರಖರ. ಇದು 141ನೆಯ ಸಂಖ್ಯೆಯದು. ನೀರಿನಲ್ಲಿ ಕರಗುವಂತೆ ಮಾಡಿದ ರೂಪಕ್ಕೆ ತಾಮ್ರ ಕ್ಲೋರೋಫಿಲಿನ್ ಎಂದು ಹೆಸರು. ಇದಕ್ಕೂ ಸಸ್ಯಮೂಲದ ಹಸಿರು ಎಂಬ ಹೆಸರೇ ನಡೆಯುತ್ತದೆ. ಮೂಲ ಸಸ್ಯವೇ ಹೌದು. ಆದರೆ ಯಾವ ಗಿಡವೂ ಇದನ್ನು ತನ್ನ ಎಲೆಯಲ್ಲಿ ಬೆಳೆದುದಿಲ್ಲ.

ತಾಮ್ರವೆಂದರೆ ನೆಟ್ಟಣದವರಿಗೆ ಅಪರಿಚಿತವಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದ ಮುನ್ನ ಒಂದು ಸಲ, ಸುಮಾರು ನಲವತ್ತು ದಿನಗಳ ಮೇಲೆ ಇನ್ನೊಂದು ಸಲ ಸಿಂಪಡಿಸುವ ಬೋರ್ಡೋ ದ್ರಾವಣ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟೇ. ಭಾದ್ರಪದದ ವೇಳೆಗೆ ಅಂಗಳದ ಪೀಪಾಯಿಗಳಲ್ಲಿ ಅದರ ನೀಲಿ ಕಲೆ ಇನ್ನೂ ಇರುತ್ತದೆ; ಅದನ್ನು ಮುಟ್ಟಿದ ಕೈಯಲ್ಲಿ ಅಡುಗೆಮನೆಗೆ ಬರಬಾರದೆಂದು ಮಕ್ಕಳಿಗೂ ಗೊತ್ತು. ಹಾಗೆಯೇ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿಯಿಟ್ಟರೆ ಕಿಲುಬು ಬರುವುದನ್ನು ಅಜ್ಜಿಯಂದಿರು ಬಲ್ಲರು. ಇಂಗ್ಲೆಂಡಿನಲ್ಲಿ ಬೇಕೆಂದೇ ತಾಮ್ರದ ಪಾತ್ರೆಯಲ್ಲಿ ಕುದಿಸಿ ಉಪ್ಪಿನಕಾಯಿಯನ್ನು ಹಚ್ಚಹಸಿರು ಮಾಡುತ್ತಿದ್ದ ಕಾಲವೊಂದಿತ್ತು. ಅದು ವಿಷವೆಂದು ಫ್ರೆಡ್ರಿಕ್ ಆಕಂ 1820ರ ತಮ್ಮ ಗ್ರಂಥದಲ್ಲಿ ಎಚ್ಚರಿಸಿದರು. ಅಂದು ಪಾತ್ರೆಯೊಳಗೆ ನಡೆದ ಕ್ರಿಯೆಯೂ ಇಂದು 141ನೆಯ ಬಣ್ಣ ತಯಾರಾಗುವಾಗಿನ ಕ್ರಿಯೆಯೂ ಮೂಲದಲ್ಲಿ ಒಂದೇ.

ಆದರೆ ಇಷ್ಟರಿಂದಲೇ ಸೀಸೆಯ ಬಣ್ಣವನ್ನು ಮೈಲುತುತ್ತಿಗೆ ಸಮವೆಂದರೆ ಅದು ಸತ್ಯಾಣುವ್ರತಕ್ಕೆ ದೋಷ. ಮೈಲುತುತ್ತಿನ ತಾಮ್ರ ನೀರಿನಲ್ಲಿ ಬಿಡಿಯಾಗುತ್ತದೆ. ಬಣ್ಣದಲ್ಲಿರುವುದು ಅಣುವಿನ ನಡುವೆ ಬಿಗಿದ ತಾಮ್ರ. ಬಿಡಿ ತಾಮ್ರವು ಕಿಲೋ ಬಣ್ಣದಲ್ಲಿ 200 ಮಿಲಿಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿ ಶರೀರಕ್ಕೆ ಅವಶ್ಯವೂ ಹೌದು. ಚೀನಾದ ಚಿಡಾಂಗ್ ಎಂಬಲ್ಲಿ 180 ಮಂದಿ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕ್ಲೋರೋಫಿಲಿನ್ ಮಾತ್ರೆಯನ್ನು ದಿನಕ್ಕೆ ಮೂರು ಸಲ 100 ಮಿಲಿಗ್ರಾಮಿನಂತೆ ನಾಲ್ಕು ತಿಂಗಳು ಕೊಟ್ಟು ನೋಡಿದರು. ಬೂಷ್ಟು ಹಿಡಿದ ಧಾನ್ಯದ ಅಫ್ಲಟಾಕ್ಸಿನ್ ವಿಷದಿಂದಾಗುವ ಹಾನಿಯ ಗುರುತು ಆ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ತಗ್ಗಿತೆಂದೂ ಅಡ್ಡಪರಿಣಾಮ ಕಾಣಲಿಲ್ಲವೆಂದೂ 2001ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ–ಕೃಷಿ ಸಂಸ್ಥೆಗಳ ಜಂಟಿ ಸಮಿತಿಯು ಈ ತಾಮ್ರಯುಕ್ತ ಬಣ್ಣಕ್ಕೆ ಇಟ್ಟ ಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 15 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ಇದು 300 ಮಿಲಿಗ್ರಾಂ ಆಯಿತು. ಎರಡು ತುಂಡು ಮಣ್ಣಿಯಲ್ಲಿ ಸೇರಿದ ಹನಿಗಳು ಅದರ ಸಮೀಪಕ್ಕೂ ಬರಲಾರವು. ಆದ್ದರಿಂದ ಆ ಬಣ್ಣ ಈ ಬಗೆಯದೇ ಆಗಿದ್ದರೆ ತಾಯಿ ಭಯಪಡುವ ಕಾರಣವಿರಲಿಲ್ಲ. ಹೆಚ್ಚು ಪ್ರಮಾಣದ ಮಾತ್ರೆ ನುಂಗುವವರಿಗೆ ಮಲ ಹಸಿರಾಗುವುದು, ಹೊಟ್ಟೆ ಸಡಿಲವಾಗುವುದು ಉಂಟು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಈ ಬಣ್ಣಗಳನ್ನು ಪುನಃ ಪರಿಶೀಲಿಸಿತು. ಸೊಪ್ಪು ತರಕಾರಿಗಳಲ್ಲಿ ಸಹಜವಾಗಿಯೇ ಧಾರಾಳವಾಗಿರುವುದರಿಂದ ತಾಮ್ರವಿಲ್ಲದ ಪತ್ರಹರಿತ್ತಿನ ವಿಷಯದಲ್ಲಿ ಆತಂಕವಿಲ್ಲವೆಂದಿತು. ತಾಮ್ರಯುಕ್ತ ಬಣ್ಣ ದೇಹದಲ್ಲಿ ಹೇಗೆ ಹೀರಲ್ಪಡುತ್ತದೆ, ವಂಶವಾಹಿಗಳಿಗೆ ಬಾಧಕವೇ ಎಂಬುದಕ್ಕೆ ಸಾಕಷ್ಟು ಪರೀಕ್ಷೆಗಳಿಲ್ಲವಾದ್ದರಿಂದ, ಹಳೆಯ 15 ಮಿಲಿಗ್ರಾಮಿನ ಮಿತಿಯನ್ನು ಹಿಂದೆಗೆಯಬೇಕೆಂದಿತು. ಅಪಾಯಕರವೆಂದು ಹೇಳಲಿಲ್ಲ; ಕ್ಷೇಮವೆಂದು ಹೇಳಲು ಆಧಾರ ಸಾಲದೆಂದಿತು. ಅಮೆರಿಕದಲ್ಲಿ 2002ರಲ್ಲಿ ಅನುಮತಿ ದೊರೆತದ್ದು ನಿಂಬೆಜಾತಿಯ ಪಾನಕದ ಪುಡಿಗಳಿಗೆ ಮಾತ್ರ, ಅದೂ ಶೇಕಡ 0.2ರ ಮಿತಿಯೊಳಗೆ.

ಸಸ್ಯದಿಂದ ಬಂದುದಾದರೂ ಸಂಸ್ಕರಣೆಯಲ್ಲಿ ದೋಷ ಹುಟ್ಟಬಹುದೆಂಬುದಕ್ಕೆ ಜಪಾನಿನ ನಿದರ್ಶನವೊಂದಿದೆ. 1977ರಲ್ಲಿ ಅಲ್ಲಿ ಕ್ಲೋರೆಲ್ಲ ಎಂಬ ಪಾಚಿಯ ಮಾತ್ರೆ ಸೇವಿಸಿದ ಕೆಲವರಿಗೆ ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಉರಿದು ಊದಿಕೊಂಡಿತು. ಪತ್ರಹರಿತ್ತು ಒಡೆದು ಉಂಟಾದ ಫಿಯೋಫಾರ್ಬೈಡ್ ಎಂಬ ವಸ್ತು ಅದಕ್ಕೆ ಕಾರಣವಾಗಿತ್ತು. ಶ್ರಾವಕರಿಗೆ ಇಲ್ಲಿ ಬೇರೊಂದು ಆಕ್ಷೇಪವೂ ಉಂಟು: ಶೈವಲ, ಎಂದರೆ ಪಾಚಿ, ಸಾಧಾರಣ ವನಸ್ಪತಿ, ಅನಂತಕಾಯ. ಆದುದರಿಂದ ಕ್ಲೋರೆಲ್ಲ, ಸ್ಪಿರುಲಿನಗಳಿಂದ ತೆಗೆದ ಬಣ್ಣಗಳ ವಿಷಯದಲ್ಲಿ ವ್ರತಿಗಳಿಗೆ ಹೆಚ್ಚಿನ ಚರ್ಚೆ ಬೇಕಾಗದು.

ಎಲ್ಲಕ್ಕಿಂತ ಹೆಚ್ಚಾಗಿ ಜೈನ ಗೃಹಿಣಿಯರು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಚೀನಾದಲ್ಲಿ ಈ ಬಣ್ಣಕ್ಕೆ ಬಹುಕಾಲದಿಂದ ಬಳಸುವ ಕಚ್ಚಾವಸ್ತುಗಳಲ್ಲೊಂದು ರೇಷ್ಮೆಹುಳುವಿನ ಒಣಹಿಕ್ಕೆ. ಹಿಪ್ಪುನೇರಳೆ ಎಲೆಯನ್ನು ಹುಳು ತಿನ್ನುತ್ತದೆ. ಅದರ ಹೊಟ್ಟೆಯಲ್ಲಿ ಪತ್ರಹರಿತ್ತು ಪೂರ್ತಿಯಾಗಿ ಜೀರ್ಣವಾಗದೆ ಹಿಕ್ಕೆಯಲ್ಲಿ ಉಳಿಯುತ್ತದೆ. ಅದನ್ನು ದ್ರಾವಕದಿಂದ ಇಳಿಸುತ್ತಾರೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಎಲೆಯ ಹಸಿರಿಗೂ ಹಿಕ್ಕೆಯ ಹಸಿರಿಗೂ ಭೇದವಿಲ್ಲ, ಎರಡೂ ಸಸ್ಯಜನ್ಯವೇ. ವ್ರತದ ಲೆಕ್ಕದಲ್ಲಿ ಭೂಮಿಗೂ ಆಕಾಶಕ್ಕೂ ಇರುವಷ್ಟು ಭೇದ. ಹುಳುವನ್ನು ಸಾಕುವುದು ಗೂಡನ್ನು ಕುದಿಸುವುದಕ್ಕೆಂಬುದು ರೇಷ್ಮೆ ಬೆಳೆಯುವ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಸೀಸೆಯ ಮೇಲೆ ಬಣ್ಣದ ಹೆಸರನ್ನೋ ಸಂಖ್ಯೆಯನ್ನೋ ಮುದ್ರಿಸುತ್ತಾರೆಯೇ ಹೊರತು ಅದು ಯಾವ ಎಲೆಯಿಂದ, ಯಾವ ದಾರಿಯಿಂದ ಬಂತು ಎಂಬುದನ್ನಲ್ಲ. ದ್ರಾವಕಗಳಲ್ಲಿ ಮದ್ಯಸಾರವೂ ಒಂದೆಂಬುದು ಮದ್ಯತ್ಯಾಗಿಗಳ ಗಮನದಲ್ಲಿರಲಿ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿದರೆ ಸಾಕೆಂದು ಕೆಲವರು ಹೇಳುವುದುಂಟು. ಸಾಲದು. ಭಾರತದ ನಿಯಮದಲ್ಲಿ ಜೇನು, ಜೇನುಮೇಣ, ಅರಗಿನ ಲೇಪವಿರುವ ಪದಾರ್ಥಗಳಿಗೂ ಹಸಿರು ಚುಕ್ಕೆ ಸಲ್ಲುತ್ತದೆ. ಗೆಡ್ಡೆಗಳ ವಿಷಯವಂತೂ ಅದಕ್ಕೆ ಸಂಬಂಧಿಸಿದ್ದೇ ಅಲ್ಲ. ಅಷ್ಟಮೂಲಗುಣಗಳಲ್ಲಿ ಮಧುತ್ಯಾಗವನ್ನು ಧರಿಸಿದವರಿಗೆ ಆ ಚುಕ್ಕೆ ಪ್ರಮಾಣವಾಗಲಾರದು. ‘ನೈಸರ್ಗಿಕ’ ಎಂಬ ಶಬ್ದವನ್ನೂ ಹಾಗೆಯೇ ನೋಡಬೇಕು. 120ನೆಯ ಸಂಖ್ಯೆಯ ಕಾರ್ಮೈನ್ ಎಂಬ ಕೆಂಪು ನೈಸರ್ಗಿಕವೇ. ಕಳ್ಳಿಯ ಮೇಲೆ ಬದುಕುವ ಕೀಟಗಳನ್ನು ಒಣಗಿಸಿ ಅರೆದು ತೆಗೆಯುವಂಥದು.

ಪೇಟೆಯಲ್ಲಿ ಅಗ್ಗವಾಗಿ ಸಿಗುವ ಹಸಿರಿಗಾದರೋ ಸಸ್ಯದ ಸಂಬಂಧವೇ ಇರುವುದಿಲ್ಲ. 102ನೆಯ ಟಾರ್ಟ್ರಜೀನ್ ಹಳದಿ, 133ನೆಯ ಬ್ರಿಲಿಯಂಟ್ ಬ್ಲೂ ನೀಲಿ, ಇವೆರಡರ ಮಿಶ್ರಣ ಅದು. ಅಥವಾ 143ನೆಯ ಫಾಸ್ಟ್ ಗ್ರೀನ್. ಕಾನೂನು ಇವನ್ನು ನಿರ್ದಿಷ್ಟ ತಿನಿಸುಗಳಲ್ಲಿ ಕಿಲೋಗೆ 100 ಮಿಲಿಗ್ರಾಂ ಮೀರದಂತೆ ಒಪ್ಪುತ್ತದೆ. ಒಪ್ಪದೆ ಇರುವುದು ಮಲಕೈಟ್ ಗ್ರೀನ್ ಎಂಬ ಬಟ್ಟೆಬಣ್ಣವನ್ನು. ಹಸಿಮೆಣಸು, ಬೆಂಡೆ, ಬಟಾಣಿಗಳು ಹೊಸದಾಗಿ ಕಾಣಲೆಂದು ಇದನ್ನು ಹಚ್ಚುವ ದುಷ್ಟರಿದ್ದಾರೆ. ದ್ರವ ಪ್ಯಾರಫಿನ್‌ನಲ್ಲಿ ಅದ್ದಿದ ಹತ್ತಿಯಿಂದ ತರಕಾರಿಯ ಮೈಯನ್ನು ಉಜ್ಜಿದಾಗ ಹತ್ತಿ ಹಸಿರಾದರೆ ಬಣ್ಣ ಹಚ್ಚಿದ್ದಾರೆಂದು ತಿಳಿಯಬಹುದು. ಬಟಾಣಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಹಾಕಿದರೆ ಸಾಕು, ನೀರೇ ಸಾಕ್ಷಿ ಹೇಳುತ್ತದೆ. ಕರ್ನಾಟಕ ಸರಕಾರವು 2024ರ ಮಾರ್ಚ್‌ನಲ್ಲಿ ಬಾಂಬೆ ಮಿಠಾಯಿಯಲ್ಲಿ ರೋಡಮಿನ್–ಬಿ ಬಣ್ಣವನ್ನೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನೂ ನಿಷೇಧಿಸಬೇಕಾಗಿ ಬಂದದ್ದು ಇಂಥ ಪರೀಕ್ಷೆಗಳ ಫಲವಾಗಿಯೇ. ಜಾತ್ರೆ, ತೇರುಗಳಲ್ಲಿ ಮಕ್ಕಳ ಕೈಹಿಡಿದು ನಡೆಯುವವರು ಇದನ್ನು ನೆನಪಿನಲ್ಲಿಡುವುದು ಒಳಿತು.

ಹಾಗಿದ್ದರೆ ಮನೆಯಲ್ಲಿಯೇ ಸೊಪ್ಪಿನ ರಸ ತೆಗೆಯಬಹುದಲ್ಲವೇ? ತೆಗೆಯಬಹುದು, ಅದೇ ಎಲ್ಲಕ್ಕಿಂತ ಕ್ಷೇಮ. ಸೊಪ್ಪನ್ನು ಎಲೆಯೆಲೆಯಾಗಿ ಶೋಧಿಸಿ, ಸೋಸಿದ ನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಅರೆದು ಬಟ್ಟೆಯಲ್ಲಿ ಹಿಂಡಬೇಕು. ಬಾಣಲೆಯನ್ನು ಇಳಿಸುವ ಹೊತ್ತಿಗೆ ರಸವನ್ನು ಸೇರಿಸಬೇಕು, ಹುಳಿ ಸೋಂಕಬಾರದು, ಅಂದಿನದು ಅಂದೇ, ಹಗಲಿನಲ್ಲಿಯೇ ಮುಗಿಯಬೇಕು. ಪಾಲಕ್, ಹಸಿರು ಹರಿವೆಗಳು ಇದಕ್ಕೆ ಒದಗುತ್ತವೆ. ಪರಿಮಳಕ್ಕೆ ರಂಬೆ ಎಲೆಯೂ ಆಗುತ್ತದೆ. ತೋಟದ ಬುಡದಲ್ಲಿ ಬೆಳೆದ ಸೊಪ್ಪಾದರೆ ಬೋರ್ಡೋ ಸಿಂಪಡಿಸಿದ ದಿನಗಳನ್ನು ಲೆಕ್ಕವಿಡಬೇಕು. ಮೇಲಿಂದ ತೊಟ್ಟಿಕ್ಕಿದ ನೀಲಿ ಬಸಳೆ ಚಪ್ಪರದ ಮೇಲೂ ಬೀಳುತ್ತದೆ.

ಈ ವಿಧಾನಕ್ಕೂ ಋತುವಿನ ತಡೆಯೊಂದಿದೆ. ದಶಲಕ್ಷಣ ಪರ್ವ ಬರುವುದು ಚಾತುರ್ಮಾಸದ ನಡುವೆ. ನೆಟ್ಟಣದಂಥ ಮಳೆನಾಡಿನಲ್ಲಿ ಭಾದ್ರಪದದ ಸೊಪ್ಪೆಂದರೆ ಎಲೆಯ ಬೆನ್ನಿನಲ್ಲಿ, ಕಾವಿನ ಸಂದಿನಲ್ಲಿ ಕಣ್ಣಿಗೆ ಹೊಳೆಯದಷ್ಟು ಸಣ್ಣ ತ್ರಸಜೀವಿಗಳ ಬೀಡು. ಮಳೆಗಾಲದಲ್ಲಿ ಸೊಪ್ಪನ್ನೇ ವರ್ಜಿಸುವ ಕ್ರಮ ಹಿರಿಯರಲ್ಲಿ ಬಂದುದು ಇದಕ್ಕಾಗಿ. ಹೊಟ್ಟೆಗಾಗಿ ಅಡುಗೆ ಮಾಡುವಾಗ ಆರಂಭದೋಷ ಗೃಹಸ್ಥನಿಗೆ ಅನಿವಾರ್ಯ. ನೋಟಕ್ಕಾಗಿ ಅಷ್ಟು ಸೊಪ್ಪನ್ನು ಕೊಯ್ದು ಅರೆಯುವುದು ಪ್ರಯೋಜನವಿಲ್ಲದ ಹಿಂಸೆ, ಅನರ್ಥದಂಡಕ್ಕೆ ಸೇರತಕ್ಕದ್ದು. ರುಚಿಯನ್ನಾಗಲಿ ಪುಷ್ಟಿಯನ್ನಾಗಲಿ ಬಣ್ಣ ಕೊಡದು. ಉಪವಾಸದ ಮರುದಿನ ನಾಲಗೆಗಿಂತ ಮೊದಲು ಕಣ್ಣೇ ಪಾರಣೆ ಮಾಡಿದಂತಾಗುತ್ತದೆ.

ಆ ದಿನ ಹಿರಿಯರು ಗಂಜಿಯೂಟದಿಂದ ಪಾರಣೆ ಮಾಡಿದರು. ಸೊಸೆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸಣ್ಣ ಅಕ್ಷರಗಳನ್ನು ಮಗನಿಂದ ಓದಿಸಿದರು. 141 ಎಂದಿತ್ತು, ಎಲೆಯ ಹೆಸರಿರಲಿಲ್ಲ. ಮಗುವಿನ ಬಗೆಗಿನ ಭಯ ಕಳೆಯಿತು. ಸೀಸೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಆಶ್ವಯುಜದಲ್ಲಿ ಜೀವದಯಾಷ್ಟಮಿಯ ಪಾರಣೆಗೆ ಮಣ್ಣಿ ಬಿಳಿಯಾಗಿಯೇ ಬಂದಿತು. ಹಸಿರು ಎಲ್ಲಿ ಎಂದು ಹುಡುಗ ಕೇಳಿದ. ಅಜ್ಜಿ ಮಣ್ಣಿಯ ತುಂಡನ್ನು ಸ್ವಲ್ಪ ಸರಿಸಿ, ಕೆಳಗಿನ ಬಾಳೆಯೆಲೆಯನ್ನು ತೋರಿಸಿದರು.